ಜಾಲರಿಯ ಗುರುತು

ಜುಲೈ ತಿಂಗಳ ಬ್ಯಾಲರಟ್‌ನಲ್ಲಿ ಬೆಣ್ಣೆಯೆಂದರೆ ಕಲ್ಲು.
ಹೊರಗೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಕರಕರ ಅನ್ನುವಾಗ
ಹೀಟರಿನ ಮುಂದಿಟ್ಟು ಮೆದು ಮಾಡುತ್ತೇನೆ,
ಇಲ್ಲವೇ ಕಂಕುಳಲ್ಲಿ (ಇದನ್ನು ಯಾರಿಗೂ ಹೇಳಬೇಡಿ)
ಪೊಟ್ಟಣ ಸಮೇತ, ಜ್ವರ ನೋಡುವ ಹಾಗೆ.

ನನ್ನ ಓವನ್ನಿಗೆ ಮೆಳ್ಳೆಗಣ್ಣು.
ಎಡಮೂಲೆಯ ಬಿಸ್ಕತ್ತು ಇದ್ದಿಲು, ಬಲದ್ದು ಇನ್ನೂ ಹಸುಗೂಸು.
ನಡುವೆ ತಟ್ಟೆ ತಿರುಗಿಸಲು ಮರೆತ ದಿನ
ಬೇಲಿಯಾಚೆಯ ಲಾಕ್ಲನ್‌ಗೆ ಹಬ್ಬ:
ಸೀದದ್ದೂ ತಿನ್ನುತ್ತಾನೆ, ಬೇಯದ್ದೂ ತಿನ್ನುತ್ತಾನೆ,
ಒಂಬತ್ತು ವರ್ಷದ ಹೊಟ್ಟೆಯಲ್ಲಿ ತೀರ್ಪುಗಾರರಿಲ್ಲ.

ಮಂದಾಕಿನಿ ಎನ್ನಲು ಹೋದರೆ ಇಲ್ಲಿಯವರ ನಾಲಿಗೆ ತೊಡರುತ್ತದೆ.
ಮ್ಯಾಂಡಿ ಅನ್ನುತ್ತಾರೆ. ನನಗೆ ಮಂಡಿ ಅಂತಲೇ ಕೇಳಿಸುತ್ತದೆ.
ಬೆಳಗಿನಿಂದ ನಿಂತು ನಾದಿದ ಮೇಲೆ
ಅವರು ಕರೆಯುವುದೂ ಅದನ್ನೇ, ನೋಯುವುದೂ ಅದೇ.

ಬೌಲ್ಸ್ ಕ್ಲಬ್ಬಿನ ಮುದುಕರಿಗೆ ಖಾರಾ ಬನ್ನು ಒಗ್ಗಿದೆ.
ಮೊದಲ ದಿನ ಕೆಂಪು ಮೂಗುಗಳು, ಮೌನ, ಎರಡು ಜಗ್ಗು ನೀರು.
ಮರುವಾರ ಫೋನು: ಮೂರು ಡಜನ್.
ದಿಲ್‌ಪಸಂದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ.
ಪ್ಯಾಕೆಟ್ಟಿನ ಕೊಬ್ಬರಿ ಮರದ ಹೊಟ್ಟು,
ಟೂಟಿ ಫ್ರೂಟಿಗೆಂದು ಮೆಲ್ಬರ್ನಿನ ರೈಲು ಹತ್ತಿದರೆ
ಸಿಕ್ಕಿದ್ದು ಬರೀ ಹಸಿರು.

ಎರಡು ಮನೆಯಾಚೆಯ ಡೊರೀನ್ ಟ್ರೆವೆನಾ, ಎಂಬತ್ತೊಂದು,
ತಮ್ಮ ಕೋಳಿಗಳ ಮೊಟ್ಟೆ ತಂದಿಟ್ಟು
'ಈ ಸಲ ಊರ ಪ್ರದರ್ಶನಕ್ಕೆ ಹಣ್ಣಿನ ಕೇಕು ನೀನೂ ಇಡು' ಅಂದರು.
ಕಾಯಿದೆಯೆಲ್ಲ ಅವರಿಗೆ ಬಾಯಿಪಾಠ:
ಇಪ್ಪತ್ತು ಸೆಂಟಿಮೀಟರ್ ಚೌಕ, ಮೂಲೆ ಮೊಂಡಾಗಬಾರದು,
ದ್ರಾಕ್ಷಿ ತಳಕ್ಕಿಳಿಯಬಾರದು, ನೆತ್ತಿ ಬಿರಿಯಬಾರದು,
ಆಮೇಲೆ ದನಿ ತಗ್ಗಿಸಿ, ನೆರೆಮನೆಯ ಗುಟ್ಟಾಡುವವರಂತೆ:
'ಆರಿಸುವ ಜಾಲರಿಯ ಗೆರೆ ಅಡಿಯಲ್ಲಿ ಮೂಡಬಾರದು.
ಬಟ್ಟೆ ಹಾಸು. ಮರೆಯಬೇಡ, ಬಟ್ಟೆ.'

ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ
ಇಷ್ಟು ತಿರುಗಿಸಿ ಮುರುಗಿಸಿ ನೋಡಿರಲಿಲ್ಲ.

ನವೆಂಬರ್. ನಾಲ್ಕು ದಿನ ಬ್ರಾಂದಿಯಲ್ಲಿ ನೆನೆದ ದ್ರಾಕ್ಷಿ
ಬೀಗರೂಟಕ್ಕೆ ಬಂದ ಸೋದರಮಾವಂದಿರಂತೆ ಉಬ್ಬಿತ್ತು.
ಮೂರೂವರೆ ಗಂಟೆ, ಸಣ್ಣ ಶಾಖ.
ರಾತ್ರಿ ಹನ್ನೊಂದಕ್ಕೆ ಕೇಕು ಹೊರಗೆ ಬಂತು,
ಮಡಿಸಿದ ಬಟ್ಟೆ ಹೆಗಲ ಮೇಲೇ ಇತ್ತು, ಆಣೆ,
ಅಷ್ಟರಲ್ಲಿ ನಾಳೆಯ ಬನ್ನಿಗೆಂದು ಪಕ್ಕದಲ್ಲಿ ಹುರಿಯುತ್ತಿದ್ದ
ಹಸಿಮೆಣಸಿನಕಾಯಿ ಘಾಟೆದ್ದು
ಸೂರಿನ ಹೊಗೆಗಂಟೆ ಬೊಬ್ಬಿಟ್ಟಿತು.
ಕುರ್ಚಿ ಹತ್ತಿ ಅದೇ ಬಟ್ಟೆಯಲ್ಲಿ ಗಾಳಿ ಬೀಸಿದೆ, ಬೀಸಿದೆ.
ನಾಗಭೂಷಣ ನಿದ್ದೆಗಣ್ಣಲ್ಲಿ
ಪಾಸ್‌ಪೋರ್ಟುಗಳ ಚೀಲ ಹಿಡಿದು ಅಂಗಳಕ್ಕೆ ಓಡಿದರು,
ಹೆಂಡತಿಯನ್ನು ಒಳಗೇ ಬಿಟ್ಟು.
ಕೇಕು? ಬರಿಯ ಜಾಲರಿಯ ಮೇಲೆ
ಮುಕ್ಕಾಲು ಗಂಟೆ ತೂಕವಿಟ್ಟು ಕೂತಿತ್ತು.

ನೀಲಿ ಶಾಯಿಯ ಚೀಟಿ: ಪರಿಮಳ ಸೊಗಸು. ಹೋಳು ಚೆನ್ನ.
ಅಡಿಯಲ್ಲಿ ಜಾಲರಿಯ ಗುರುತು.
ಅಷ್ಟೇ. ರಿಬ್ಬನ್ನಿಲ್ಲ.
ಡೊರೀನ್ ಓದಿ ನಗಲಿಲ್ಲ, ಕನ್ನಡಕ ಒರೆಸಿಕೊಂಡರು.
'ಅರವತ್ತೆಂಟರಲ್ಲಿ ನನಗೂ' ಅಂದು
ಬೇರೆ ಮೇಜಿನ ಜಾಮು ನೋಡಲು ಹೋದರು.

ಮನೆಗೆ ತಂದು ಕವುಚಿದೆ.
ಅಡಿಯುದ್ದಕ್ಕೂ ಸಮನಾದ ಗೆರೆಗಳು,
ಒಂದನೇ ತರಗತಿಯ ಕಾಪಿ ಪುಸ್ತಕ.
ಬೆರಳಾಡಿಸಿದೆ. ಸುಮ್ಮನಿರಲಾಗಲಿಲ್ಲ.
ಚಾಕುವಿನ ತುದಿಯಿಂದ ನಡುವಿನ ಗೆರೆಗೆ ಕೂರಿಸಿ
ಮಂದಾಕಿನಿ ಎಂದು ಬರೆದೆ, ದುಂಡಗೆ.
'ಕಿ'ಯ ಗುಡಿಸು ಮುರಿದು ಉದುರಿತು,
ಲಾಕ್ಲನ್ ಅದನ್ನು ಬಾಯಿಗೆ ಹಾಕಿಕೊಂಡ.

'ಅದು ನನ್ನ ಹೆಸರು ಕಣೋ, ಹೇಗಿದೆ?'
'ಇನ್ನೊಂದಕ್ಷರ ಕೊಡು' ಅಂದ.
'ದಾ' ಕೊಯ್ದು ಕೊಟ್ಟೆ. ಅದರಲ್ಲಿ ದ್ರಾಕ್ಷಿ ಹೆಚ್ಚಿತ್ತು.